ಹಳೇ ಮೋಟಾರ್ ಬೋಟ್ ತಗೋಳೋಕ್ ಮುಂಚೆ ಇಷ್ಟು ನೋಡ್ಕೊಳಿ

ಕೆಆರ್‌ಎಸ್ ಹಿನ್ನೀರು ನೋಡಿ ನಮ್ದೂ ಒಂದು ಬೋಟ್ ಇರ್ಲಿ ಅನ್ಸುತ್ತೆ, ಆದ್ರೆ ಪೇಂಟ್ ಹೊಳಪಿಗೆ ಮರುಳಾಗ್ಬೇಡಿ. ಮೊದ್ಲು ಹಿಂದ್ಗಡೆ ಎಂಜಿನ್ ಕೂರೋ ಹಲಗೆ, ಟ್ರಾನ್ಸಮ್ ಅಂತಾರೆ, ಅದನ್ನ ಸ್ಕ್ರೂಡ್ರೈವರ್ ಹಿಡೀಲಿ ತಟ್ಟಿ, ಟಕ್ ಟಕ್ ಅಂದ್ರೆ ಸರಿ, ದೊಬ್ ದೊಬ್ ಅಂದ್ರೆ ಫೈಬರ್ ಒಳಗಿನ ಪ್ಲೈವುಡ್ ಕೊಳೆತಿರ್ಬೋದು, ಅಲ್ಲಿಂದ್ಲೇ ವಾಪಸ್ ಬನ್ನಿ. ಎಂಜಿನ್ ತಣ್ಣಗಿದ್ದಾಗ್ಲೇ ಸ್ಟಾರ್ಟ್ ಮಾಡ್ಸಿ, ಆದ್ರೆ ನೀರಿಲ್ದೆ ಓಡಿಸ್ಬೇಡಿ, ನೀರೆಳ್ದು ಎಂಜಿನ್ ತಣ್ಣಗಿಡೋ ಪಂಪಿನ ರಬ್ಬರ್ ಚಕ್ರ, ಇಂಪೆಲ್ಲರ್ ಅಂತಾರೆ, ಅದು ಹಾಳಾಗುತ್ತೆ. ಔಟ್‌ಬೋರ್ಡ್ (ಬೋಟಿನ ಹಿಂದೆ ಹೊರಗಡೆ ಕೂರ್ಸೋ ಎಂಜಿನ್) ಆದ್ರೆ ಪಕ್ಕದ ಸಣ್ ತೂತಿಂದ ನೀರು ಸುಯ್ ಅಂತ ಚಿಮ್ತಾನೇ ಇರ್ಬೇಕು. ಗೇರ್ ಆಯಿಲ್ ಸ್ಕ್ರೂ ಚೂರು ಸಡ್ಲ ಮಾಡಿ, ಹಾಲು ಜಾಸ್ತಿ ಆದ ಕಾಫಿ ತರ ಬಂದ್ರೆ ಸೀಲ್ ಹೋಗಿ ನೀರು ನುಗ್ಗಿದೆ ಅಂತ (ನಾನು ಇದೊಂದು ನೋಡ್ದೆ ಕೈ ಸುಟ್ಕೊಂಡೋನು). 2021ರ ಒಳನಾಡು ಹಡಗುಗಳ ಕಾಯ್ದೆ ಪ್ರಕಾರ ಮೋಟಾರ್ ಬೋಟ್‌ಗೂ ರಿಜಿಸ್ಟ್ರೇಷನ್ ಬೇಕು, ಪೇಪರ್ ಇಲ್ದೆ ಅಡ್ವಾನ್ಸ್ ಕೊಡ್ಬೇಡಿ, ಎಲ್ಲಿ ಇಳಿಸ್ತೀರೋ ಅಲ್ಲಿನ ಪರ್ಮಿಷನ್ನೂ ಮೊದ್ಲೇ ವಿಚಾರಿಸ್ಕೊಳಿ.