ಲಾಸ್ ಏಂಜಲೀಸ್‌ನ ಫುಟ್‌ಪಾತ್ ಮೇಲಿನ ಸಾಮಾನು: ಹೊಸದಾಗಿ ಬಂದವರಿಗೆ

ಲಾಸ್ ಏಂಜಲೀಸ್‌ಗೆ ಬರುವ ಕನ್ನಡಿಗರು ಮನೆಯ ಬಾಡಿಗೆ ಕರಾರನ್ನು ಅಕ್ಷರ ಬಿಡದೆ ಓದುತ್ತಾರೆ. ಬಾಗಿಲಿನಾಚೆಯ ಫುಟ್‌ಪಾತಿಗೂ ಅಷ್ಟೇ ಬಿಗಿಯಾದ ನಿಯಮಗಳಿವೆ ಎಂಬುದು ಹಲವರಿಗೆ ತಿಳಿಯುವುದು ನೋಟಿಸು ಬಂದ ಮೇಲೆ. ನೀವಿರುವುದು ಯಾವ ನಗರದ ವ್ಯಾಪ್ತಿ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಲಾಸ್ ಏಂಜಲೀಸ್ ಕೌಂಟಿಯಲ್ಲಿ 88 ನಗರಗಳಿವೆ. ನಾವು ದಿನಸಿಗೆ ಹೋಗುವ ಪಯೋನಿಯರ್ ಬುಲೆವಾರ್ಡ್ ಇರುವ ಆರ್ಟೀಸಿಯಾ ಕೂಡ ಬೇರೆಯೇ ನಗರ, ಅಲ್ಲಿನ ನಿಯಮಗಳೂ ಬೇರೆ.

ಮನೆ ಬದಲಿಸುವಾಗ ಹಳೆಯ ಸೋಫಾವನ್ನು ‘ಫ್ರೀ’ ಎಂಬ ಚೀಟಿ ಅಂಟಿಸಿ ರಸ್ತೆಬದಿಯಲ್ಲಿಟ್ಟು ಹೋಗುವುದು ಇಲ್ಲಿನ ರೂಢಿಯಂತೆ ಕಂಡರೂ ಕಾನೂನಿನ ಕಣ್ಣಿಗೆ ಅದು ಕಸ ಎಸೆದಂತೆಯೇ. ನಗರದ ಸೇವೆಗಳಿಗಾಗಿ ಇರುವ ಫೋನ್ ಸಂಖ್ಯೆ 311ಕ್ಕೆ ಕರೆ ಮಾಡಿ ದಿನ ಗೊತ್ತುಪಡಿಸಿಕೊಂಡರೆ ನಗರದ ನೈರ್ಮಲ್ಯ ಇಲಾಖೆಯವರೇ ಬಂದು ಒಯ್ಯುತ್ತಾರೆ. ಅಪಾರ್ಟ್‌ಮೆಂಟಿನವರು ಮೊದಲು ಮ್ಯಾನೇಜರನ್ನು ವಿಚಾರಿಸುವುದು ಒಳ್ಳೆಯದು. ಹೊಸ ಹಾಸಿಗೆಯನ್ನು ಮನೆಗೆ ತಲುಪಿಸುವ ಅಂಗಡಿಯವರು ಕೇಳಿದರೆ ಹಳೆಯದನ್ನು ಪುಕ್ಕಟೆ ಒಯ್ಯಬೇಕೆಂದು ರಾಜ್ಯದ ಕಾನೂನೇ ಇದೆ. ಅದಕ್ಕೆ ತಗಲುವ ಮರುಬಳಕೆ ಶುಲ್ಕವನ್ನು ನೀವು ಬಿಲ್ಲಿನಲ್ಲಿ ಕಟ್ಟಿಯೇ ಇರುತ್ತೀರಿ, ಆದ್ದರಿಂದ ಸಂಕೋಚ ಬೇಡ.

ಊರಿಗೆ ಹೋಗುವವರು ಮರೆಯುವುದು ಕಾರನ್ನು. ನಗರದ ರಸ್ತೆಯಲ್ಲಿ ಒಂದೇ ಜಾಗದಲ್ಲಿ 72 ಗಂಟೆ ಮೀರಿ ನಿಂತ ವಾಹನವನ್ನು ಎಳೆದೊಯ್ಯಬಹುದು, ಎಳೆದೊಯ್ದ ಮೇಲೆ ಅದನ್ನಿಟ್ಟ ಜಾಗದ ಬಾಡಿಗೆ ದಿನಲೆಕ್ಕದಲ್ಲಿ ಏರುತ್ತದೆ. ತಿಂಗಳ ರಜೆಗೆ ಹೊರಡುವ ಮುನ್ನ ಕಾರನ್ನು ಗೆಳೆಯರ ಗ್ಯಾರೇಜಿನಲ್ಲಿ ನಿಲ್ಲಿಸಿ.

ಹೊಸಬರು ತಪ್ಪಾಗಿ ಗ್ರಹಿಸುವುದು ಮನೆಯಿಲ್ಲದವರ ಸಾಮಾನಿನ ವಿಷಯವನ್ನು. ತಳ್ಳುಗಾಡಿಯ ಮೇಲೆ ಟಾರ್ಪಾಲು ಹೊದಿಸಿದ ಗಂಟುಗಳು, ಪಕ್ಕದಲ್ಲಿ ಯಾರೂ ಇಲ್ಲ. ನೋಡಿದವರಿಗೆ ಅದು ವಾರಸುದಾರರಿಲ್ಲದ ಕಸವೆನಿಸುತ್ತದೆ. ಮನೆಯಿಲ್ಲದವರು ಹೆಚ್ಚಾಗಿರುವ ಸ್ಕಿಡ್ ರೋ ಪ್ರದೇಶದಲ್ಲಿ ಸ್ನಾನಕ್ಕೋ ಊಟಕ್ಕೋ ಕೋರ್ಟಿಗೋ ಹೋದವರ ಸಾಮಾನನ್ನು ನಗರದ ಸಿಬ್ಬಂದಿ ಎತ್ತಿ ನಾಶಪಡಿಸಿದ್ದು ವ್ಯಾಜ್ಯವಾಗಿ, ಕ್ಷಣಕಾಲ ಬಿಟ್ಟು ಹೋದ ಮಾತ್ರಕ್ಕೆ ವಸ್ತುವಿನ ಮೇಲಿನ ಸಾಂವಿಧಾನಿಕ ರಕ್ಷಣೆ ಹೋಗುವುದಿಲ್ಲವೆಂದು 2012ರಲ್ಲಿ ಒಂಬತ್ತನೆಯ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಹೇಳಿತು. 2016ರಲ್ಲಿ ತಿದ್ದುಪಡಿಯಾದ ನಗರ ಸಂಹಿತೆಯ 56.11ನೆಯ ಕಲಮಿನ ಪ್ರಕಾರ, ಮುಚ್ಚಳ ಹಾಕಿದ 60 ಗ್ಯಾಲನ್, ಅಂದರೆ ಸುಮಾರು 227 ಲೀಟರಿನ ತೊಟ್ಟಿಯಲ್ಲಿ ಹಿಡಿಯುವುದಕ್ಕಿಂತ ಹೆಚ್ಚಿನ ಸಾಮಾನನ್ನು 24 ಗಂಟೆ ಮುಂಚಿತವಾಗಿ ನೋಟಿಸು ಕೊಟ್ಟು ತೆಗೆಯಬಹುದು. ತೆಗೆದದ್ದನ್ನು 90 ದಿನ ಕಾದಿರಿಸಬೇಕು. ದಾರಿಗೆ ಅಡ್ಡವಾದ ಅಥವಾ ತಕ್ಷಣದ ಅಪಾಯ ತರುವ ವಸ್ತುಗಳಿಗೆ ಮುಂಚಿನ ನೋಟಿಸು ಬೇಕಿಲ್ಲ. ದೊಡ್ಡದೆಂಬ ಒಂದೇ ಕಾರಣಕ್ಕೆ ವಸ್ತುವನ್ನು ನೋಟಿಸಿಲ್ಲದೆ ನಾಶಪಡಿಸಬಹುದೆಂಬ ಇನ್ನೊಂದು ಅಂಶವನ್ನು 2021ರಲ್ಲಿ ಅದೇ ನ್ಯಾಯಾಲಯ ಒಪ್ಪಲಿಲ್ಲ. ಈ ಲೆಕ್ಕಾಚಾರವೆಲ್ಲ ಬಡವರ ಮೇಲೇ ಹೆಚ್ಚು ಬೀಳುತ್ತದೆ ಎಂಬುದು ನನ್ನ ಅನಿಸಿಕೆ. ಅದೇನೇ ಇರಲಿ, ಮಗುವಿನ ತಳ್ಳುಬಂಡಿಗೆ ದಾರಿಯಿಲ್ಲದಿದ್ದರೆ 311ಕ್ಕೆ ತಿಳಿಸಿ, ಸ್ವತಃ ಸರಿಸಲು ಅಥವಾ ಎಸೆಯಲು ಹೋಗಬೇಡಿ. ಕಂಬಕ್ಕೆ ಅಂಟಿಸಿದ ನೋಟಿಸುಗಳನ್ನು ಕಿತ್ತುಹಾಕುವುದೂ ಬೇಡ, ವಸ್ತು ಕಳೆದುಕೊಂಡವರಿಗೆ ಅದನ್ನು ಹುಡುಕಿಕೊಂಡು ಹೋಗಲು ಇರುವ ದಾರಿ ಆ ಕಾಗದವೇ.

ಪಾರ್ಕಿನಲ್ಲಿ ಪರ್ಸೋ ಫೋನೋ ಸಿಕ್ಕರೆ ರಾಜ್ಯದ ಕಾನೂನು ಅನ್ವಯಿಸುತ್ತದೆ, ಹಾಗಾಗಿ ಆರ್ಟೀಸಿಯಾದಲ್ಲೂ ಇದೇ ಕ್ರಮ. ಅದನ್ನು ಕೈಗೆತ್ತಿಕೊಂಡ ಮೇಲೆ, ವಾರಸುದಾರರು ಯಾರೆಂದು ತಿಳಿಯದೆ ಬೆಲೆ 100 ಡಾಲರಿಗೆ ಕಡಿಮೆಯಿಲ್ಲದಿದ್ದರೆ, ಎಲ್ಲಿ, ಯಾವಾಗ ಸಿಕ್ಕಿತೆಂಬ ಬರಹದ ಹೇಳಿಕೆಯೊಂದಿಗೆ ಪೊಲೀಸರಿಗೆ ಒಪ್ಪಿಸಬೇಕು. ಗುರುತು ಸಿಕ್ಕರೆ ಅವರಿಗೇ ತಿಳಿಸಿ ಮರಳಿಸಿ. ಹುಡುಕುವ ಪ್ರಯತ್ನವನ್ನೇ ಮಾಡದೆ ಮನೆಗೊಯ್ದರೆ ಅದು ಕಳವಿನ ಅಪರಾಧವಾಗುತ್ತದೆ, ಮತ್ತು ವೀಸಾದ ಮೇಲಿರುವವರಿಗೆ ಅಂಥ ಪ್ರಕರಣದ ತೊಂದರೆ ನ್ಯಾಯಾಲಯದ ದಂಡಕ್ಕೇ ಮುಗಿಯುವುದಿಲ್ಲ.