ಹಗುರ ಫ್ಲೈವೀಲ್ ಹಾಕಿಸುವ ಮುನ್ನ

ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲಿ, ಕ್ಲಚ್ಚಿಗೆ ಅಂಟಿಕೊಂಡು ತಿರುಗುವ ಭಾರದ ಚಕ್ರವೇ ಫ್ಲೈವೀಲ್. ಅದರ ಬದಲಿಗೆ ಹಗುರವಾದುದನ್ನು ಅಳವಡಿಸಿದರೆ ಸ್ಪೋರ್ಟ್ಸ್ ಕಾರಿನ ಎಂಜಿನ್ ಶಕ್ತಿ ಹೆಚ್ಚುವುದಿಲ್ಲ. ಜಡತ್ವ ತಗ್ಗುವುದರಿಂದ ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತುಗಳು) ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ಡ್ಯುಯಲ್ ಮಾಸ್ (ನಡುವೆ ಸ್ಪ್ರಿಂಗ್ ಇರುವ ಎರಡು ಭಾಗಗಳ) ಫ್ಲೈವೀಲ್ ತೆಗೆದು ಸಿಂಗಲ್ ಮಾಸ್ (ಒಂದೇ ಗಟ್ಟಿ ಚಕ್ರ) ಹಾಕಿದಾಗ, ಕಂಪನವನ್ನು ಹೀರುತ್ತಿದ್ದ ಒಳಗಿನ ಸ್ಪ್ರಿಂಗ್‌ಗಳು ಇಲ್ಲವಾಗಿ, ನ್ಯೂಟ್ರಲ್‌ನಲ್ಲಿ ಗೇರ್‌ಬಾಕ್ಸ್ ಕಟಕಟ ಸದ್ದು ಮಾಡುವುದುಂಟು. ಆದ್ದರಿಂದ ದಿನನಿತ್ಯ ಟ್ರಾಫಿಕ್‌ನಲ್ಲಿ ಓಡಿಸುವವರು ಸ್ಪ್ರಿಂಗ್ ಇರುವ ಆರ್ಗ್ಯಾನಿಕ್ (ನಾರು ಮತ್ತು ರಾಳದ ಲೈನಿಂಗ್ ಇರುವ) ಕ್ಲಚ್ ಪ್ಲೇಟನ್ನೇ ಆರಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಗೇರ್‌ಬಾಕ್ಸ್ ಇಳಿಸಿದಾಗಲೇ ರಿಲೀಸ್ ಬೇರಿಂಗನ್ನೂ (ಪೆಡಲ್ ತುಳಿದಾಗ ಕ್ಲಚ್ ಬಿಡಿಸುವ ಬೇರಿಂಗ್) ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯ ಆಯಿಲ್ ಸೀಲನ್ನೂ ತಪ್ಪದೆ ಬದಲಿಸಿರಿ, ಏಕೆಂದರೆ ಹಳೆಯ ಸೀಲಿನಿಂದ ಜಿನುಗಿದ ಎಣ್ಣೆ ಹೊಸ ಪ್ಲೇಟಿಗೆ ತಗಲಿದರೆ ಅಷ್ಟೂ ಕೆಲಸವನ್ನು ಮತ್ತೆ ಮಾಡಬೇಕಾಗುತ್ತದೆ. ಹೊಸ ಫ್ಲೈವೀಲಿನ ಮೇಲೆ ತುಕ್ಕು ಹಿಡಿಯದಂತೆ ಸವರಿರುವ ಎಣ್ಣೆಯನ್ನು, ಬಿಳಿ ಬಟ್ಟೆಗೆ ಕಲೆ ಹತ್ತದಾಗುವವರೆಗೆ, ಬ್ರೇಕ್ ಕ್ಲೀನರ್‌ನಿಂದ ಒರೆಸಿರಿ. ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನ ಬೋಲ್ಟ್‌ಗಳನ್ನು ಟಾರ್ಕ್ ರೆಂಚ್ (ಬಿಗಿತವನ್ನು ಅಳೆಯುವ ಸ್ಪ್ಯಾನರ್) ಬಳಸಿ ಎದುರುಬದುರಾಗಿ, ಹಂತಹಂತವಾಗಿ ಬಿಗಿಯಿರಿ. ಮೊದಲ 800 ಕಿ.ಮೀ. ಕ್ಲಚ್ಚನ್ನು ಮೃದುವಾಗಿ ಬಳಸಿ ಪಳಗಿಸಿರಿ.