ಫಾರ್ಮ್ಯಾಟ್ ಹೊಡೆಯುವ ಮುಂಚೆ ರ‍್ಯಾಮ್ ನೋಡಿ

ಮನೆಯ ಕಂಪ್ಯೂಟರ್ ಪದೇ ಪದೇ ನೀಲಿ ಸ್ಕ್ರೀನ್ ತೋರಿಸಿ ರೀಸ್ಟಾರ್ಟ್ ಆಗ್ತಿದೆ ಅಂದರೆ ಸಾಕು, ಎಲ್ಲರೂ ಹೇಳೋದು ಒಂದೇ ಮಾತು: ‘ಫಾರ್ಮ್ಯಾಟ್ ಹೊಡೀರಿ, ಸರಿಹೋಗುತ್ತೆ.’ ನಮ್ಮ ಏರಿಯಾದ ರಿಪೇರಿ ಅಂಗಡಿಯವರೂ ಅದನ್ನೇ ಹೇಳಿದರು. ನಾನು ಹೊಡೆಸಲಿಲ್ಲ. ಅದಕ್ಕೆ ಕಾರಣ ಒಂದು ಜಿಪ್ ಫೈಲ್.

ನಮ್ಮದು ಅಸೆಂಬಲ್ ಮಾಡಿಸಿದ ಸಿಸ್ಟಮ್. 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಸ್ಟಿಕ್ (ಕೆಲಸ ನಡೆಯುವಾಗ ಕಂಪ್ಯೂಟರ್ ಮಾಹಿತಿ ಇಟ್ಟುಕೊಳ್ಳುವ ತಾತ್ಕಾಲಿಕ ಮೆಮೊರಿ), ವಿಂಡೋಸ್ 10. ಬೆಳಿಗ್ಗೆ ಆನ್ ಮಾಡಿದಾಗ ಏನೂ ತೊಂದರೆ ಇರುತ್ತಿರಲಿಲ್ಲ. ಬ್ರೌಸರ್‌ನಲ್ಲಿ ರಾಶಿ ಟ್ಯಾಬ್ ತೆರೆದು, ಪಕ್ಕದಲ್ಲಿ ಎಕ್ಸೆಲ್, ಜೊತೆಗೊಂದು ವಿಡಿಯೋ ಕಾಲ್ ಅಂತ ಶುರುವಾದರೆ ಧೊಪ್ಪನೆ ಬೀಳುತ್ತಿತ್ತು. ಪ್ರತಿ ಸಲ ಬರುವ ಎರರ್ ಕೂಡ ಬೇರೆ. ಒಮ್ಮೆ ‘ಮೆಮೊರಿ ಮ್ಯಾನೇಜ್‌ಮೆಂಟ್’, ಇನ್ನೊಮ್ಮೆ ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’, ಮತ್ತೊಮ್ಮೆ ‘ಐಆರ್‌ಕ್ಯುಎಲ್ ನಾಟ್ ಲೆಸ್ ಆರ್ ಈಕ್ವಲ್’. ಡ್ರೈವರ್ ಕೆಟ್ಟಿದ್ದರೆ ಸಾಮಾನ್ಯವಾಗಿ ಅದೇ ಕೋಡ್, ಅದೇ ಫೈಲ್ ಹೆಸರು ಮತ್ತೆ ಮತ್ತೆ ಬರುತ್ತೆ. ನೀಲಿ ಸ್ಕ್ರೀನೂ ಇಲ್ಲದೆ ಪಟ್ಟಂತ ಆಫ್ ಆದರೆ ನಾನು ಮೊದಲು ಎಸ್‌ಎಂಪಿಎಸ್ (ಕರೆಂಟ್ ಒದಗಿಸುವ ಪೆಟ್ಟಿಗೆ) ಅಥವಾ ಸಿಪಿಯು ಬಿಸಿಯ ಮೇಲೆ ಅನುಮಾನ ಪಡ್ತೀನಿ. ಇದು ಎರಡೂ ಅಲ್ಲ.

ಇನ್ನು ಜಿಪ್ ಫೈಲ್ ವಿಷಯ. ಹಳೆಯ ಫೋಟೊಗಳ ಒಂದು ದೊಡ್ಡ ಜಿಪ್ ಬಿಚ್ಚಲು ಹೋದರೆ ‘ಸಿಆರ್‌ಸಿ ಎರರ್’ (ಫೈಲಿನ ಮಾಹಿತಿ ತಾಳೆಯಾಗುತ್ತಿಲ್ಲ) ಅಂತು. ಡಿಸ್ಕ್ ಹೋಯ್ತೇನೋ ಅಂದುಕೊಂಡು ರೀಸ್ಟಾರ್ಟ್ ಮಾಡಿ ಮತ್ತೆ ಬಿಚ್ಚಿದೆ. ಸರಾಗವಾಗಿ ಬಿಚ್ಚಿಕೊಂಡಿತು! ಡಿಸ್ಕ್‌ನಲ್ಲಿರುವ ಫೈಲೇ ಕೆಟ್ಟಿದ್ದರೆ ಪ್ರತಿ ಸಲವೂ ಎರರ್ ಬರಬೇಕಲ್ವಾ? ಒಮ್ಮೆ ಬಂದು ಇನ್ನೊಮ್ಮೆ ಬರದಿದ್ದರೆ, ಡಿಸ್ಕ್‌ನಿಂದ ಓದಿದ ಮೇಲೆ ಎಲ್ಲೋ ಹಾದಿಯಲ್ಲಿ ಕೆಡ್ತಿದೆ ಅಂತ ಅರ್ಥ. ಆ ಹಾದಿಯಲ್ಲಿ ಮೊದಲು ಸಿಗೋದು ರ‍್ಯಾಮ್.

ತುಂಬಿದಾಗ ಮಾತ್ರ ಬೀಳೋದಕ್ಕೂ ಇದೇ ಕಾರಣ. ಬಸ್ಸಿನಲ್ಲಿ ಒಂದೇ ಒಂದು ಸೀಟು ಮುರಿದಿದ್ದರೆ ಖಾಲಿ ಬಸ್ಸಿನಲ್ಲಿ ಯಾರಿಗೂ ಗೊತ್ತಾಗಲ್ಲ. ರಶ್ ಆದಾಗ ಯಾರಾದರೂ ಅದರ ಮೇಲೆ ಕೂತೇ ಕೂರ್ತಾರೆ. ಕೂತದ್ದು ಫೋಟೊ ಆದರೆ ಫೋಟೊ ಕೆಡುತ್ತೆ, ವಿಂಡೋಸ್‌ನದೇ ಕೋಡ್ ಆದರೆ ನೀಲಿ ಸ್ಕ್ರೀನ್.

ಈ ಸ್ಥಿತಿಯಲ್ಲಿ ಫಾರ್ಮ್ಯಾಟ್ ಹೊಡೆದರೆ ಹೊಸ ವಿಂಡೋಸ್ ಕೂಡ ಅದೇ ಕೆಟ್ಟ ರ‍್ಯಾಮ್ ಮೂಲಕವೇ ಡಿಸ್ಕ್‌ಗೆ ಹೋಗುತ್ತೆ. ಚೆಕ್‌ಡಿಸ್ಕ್ (ಡಿಸ್ಕಿನ ತಪ್ಪು ಹುಡುಕಿ ಸರಿಪಡಿಸುವ ವಿಂಡೋಸ್ ಟೂಲ್) ಓಡಿಸೋದೂ ಅಷ್ಟೇ ಅಪಾಯ. ರಿಪೇರಿ ಮಾಡ್ತೀನಿ ಅಂತ ಹೋಗಿ ಇದ್ದದ್ದನ್ನೂ ತಪ್ಪಾಗಿ ಬರೆದುಬಿಡಬಹುದು. ಹಾಗಾಗಿ ಅವೆರಡನ್ನೂ ಪಕ್ಕಕ್ಕಿಟ್ಟೆ.

ವಿಂಡೋಸ್‌ನಲ್ಲೇ ಒಂದು ಮೆಮೊರಿ ಡಯಾಗ್ನಾಸ್ಟಿಕ್ ಇದೆ. ಸ್ಟಾರ್ಟ್ ಮೆನುವಿನಲ್ಲಿ ಹುಡುಕಿದರೆ ಸಿಗುತ್ತೆ. ಓಡಿಸಿದೆ, ‘ತೊಂದರೆ ಇಲ್ಲ’ ಅಂತು. ಅದು ಎರರ್ ಇದೆ ಅಂದರೆ ನಂಬಿ, ಇಲ್ಲ ಅಂದರೆ ನಂಬಬೇಡಿ. ಮೆಮ್‌ಟೆಸ್ಟ್86 ಅನ್ನೋ ರ‍್ಯಾಮ್ ಪರೀಕ್ಷೆಯ ಸಾಫ್ಟ್‌ವೇರನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದ ಬೂಟ್ ಮಾಡಿದೆ. ಉಚಿತ ಆವೃತ್ತಿ 4 ಪಾಸ್, ಅಂದರೆ ಪೂರ್ತಿ ಟೆಸ್ಟಿನ 4 ಸುತ್ತು, ಓಡುತ್ತೆ. 16 ಜಿಬಿಗೆ ಗಂಟೆಗಟ್ಟಲೆ ಬೇಕು, ರಾತ್ರಿ ಹಚ್ಚಿ ಮಲಗೋದು ಒಳ್ಳೆಯದು. ಯುಪಿಎಸ್ ಇರಲಿ, ಮಧ್ಯೆ ಕರೆಂಟ್ ಹೋದರೆ ಮತ್ತೆ ಮೊದಲಿಂದ.

ನಾನು ಮಲಗುವವರೆಗೂ ಅದು ಕಾಯಲಿಲ್ಲ. ಮೊದಲ ಪಾಸ್‌ನಲ್ಲೇ ಎರರ್ ಸಾಲುಗಳು ಬಂದವು. ಮೆಮೊರಿಗೆ ಬರೆದು ಮತ್ತೆ ಓದಿದಾಗ ಇರಬೇಕಾದದ್ದು ಸಾಲಾಗಿ ಎಂಟು ಎಫ್. ಇದ್ದದ್ದು ಏಳು ಎಫ್, ಕೊನೆಯಲ್ಲಿ 7. ಬಿಟ್‌ಗಳ ಲೆಕ್ಕದಲ್ಲಿ ಎಫ್ ಅಂದರೆ 1111, 7 ಅಂದರೆ 0111. ಒಂದೇ ಒಂದು ಬಿಟ್ 1 ಆಗಿ ನಿಲ್ಲಲ್ಲ ಅಂತ ಹಟ ಹಿಡಿದಿದೆ. ಮುಂದಿನ ಪಾಸ್‌ನಲ್ಲೂ ಅದೇ ಅಡ್ರೆಸ್, ಅದೇ ಬಿಟ್.

ಆದರೂ ಸ್ಟಿಕ್ಕೇ ಕೆಟ್ಟಿದೆ ಅಂತ ಆಗಲೇ ತೀರ್ಮಾನಿಸಲಿಲ್ಲ. ಬಯೋಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ಸಿಗುವ ಸೆಟ್ಟಿಂಗ್ ಪುಟ) ಹೋಗಿ ಎಕ್ಸ್‌ಎಂಪಿ (ರ‍್ಯಾಮನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆಫ್ ಮಾಡಿದೆ. 3200 ವೇಗದಲ್ಲಿ ಓಡುತ್ತಿದ್ದದ್ದು 2666ಕ್ಕೆ ಇಳಿಯಿತು. ಕೆಲವು ಸಲ ಸ್ಟಿಕ್ ಚೆನ್ನಾಗಿಯೇ ಇದ್ದು ಆ ವೇಗ ಮಾತ್ರ ಬೋರ್ಡ್‌ಗೆ ಒಗ್ಗಿರಲ್ಲ. ನನ್ನದರಲ್ಲಿ ಎರರ್ ಹೋಗಲಿಲ್ಲ.

ಆಮೇಲೆ ಕ್ಯಾಬಿನೆಟ್ ಬಿಚ್ಚಿದೆ. ಪ್ಲಗ್ ಕಿತ್ತು, ಪವರ್ ಬಟನ್ ಒತ್ತಿ ಹಿಡಿದು ಒಳಗೆ ಉಳಿದ ಕರೆಂಟ್ ಖಾಲಿ ಮಾಡಿ, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ ಕೈಯ ಸ್ಟ್ಯಾಟಿಕ್ ಕಳೆದುಕೊಂಡೇ ಸ್ಟಿಕ್‌ಗೆ ಕೈ ಹಾಕಿದ್ದು. ಬಂಗಾರದ ಬಣ್ಣದ ಪಿನ್‌ಗಳನ್ನು ರಬ್ಬರ್‌ನಿಂದ ಉಜ್ಜುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಔಷಧಿ. ಡಿಸ್ಪ್ಲೇ ಬರದೆ ಬರೀ ಬೀಪ್ ಹೊಡೆಯುವಾಗ ಅದು ಕೆಲಸ ಮಾಡುತ್ತೆ, ಯಾಕೆಂದರೆ ಅಲ್ಲಿ ತೊಂದರೆ ಕಾಂಟ್ಯಾಕ್ಟ್‌ನದು. ಚಿಪ್ ಒಳಗೇ ಕೆಟ್ಟಿದ್ದರೆ ಎಷ್ಟು ಉಜ್ಜಿದರೂ ಅಷ್ಟೇ. ನಾನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿದೆ, ಫಲಿತಾಂಶ ಬದಲಾಗಲಿಲ್ಲ.

ಉಳಿದದ್ದು ಅದಲು ಬದಲು. ಒಂದೇ ಸ್ಟಿಕ್ಕನ್ನು ಸಿಪಿಯುವಿನಿಂದ ಎರಡನೇ ಸ್ಲಾಟಿಗೆ ಹಾಕಿ ಟೆಸ್ಟ್ ಮಾಡಿದೆ, ಕ್ಲೀನ್. ಅದನ್ನು ತೆಗೆದು ಅಲ್ಲೇ ಇನ್ನೊಂದನ್ನು ಹಾಕಿದೆ, ಎರರ್. ಆ ಎರರ್ ಬಂದ ಸ್ಟಿಕ್ಕನ್ನು ನಾಲ್ಕನೇ ಸ್ಲಾಟಿಗೆ ಹಾಕಿದೆ, ಅಲ್ಲೂ ಎರರ್. ಈ ಕೊನೆಯದನ್ನು ಜಾಸ್ತಿ ಜನ ಬಿಟ್ಟುಬಿಡ್ತಾರೆ. ಸ್ಲಾಟ್ ಕೆಟ್ಟಿದ್ದರೆ ಸುಮ್ನೆ ಹೊಸ ರ‍್ಯಾಮ್‌ಗೆ ದುಡ್ಡು ಹಾಕಿದ ಹಾಗೆ. ಎಲ್ಲಿ ಹಾಕಿದರೂ ಎರರ್ ಸ್ಟಿಕ್ ಹಿಂದೆಯೇ ಬಂದರೆ ಮಾತ್ರ ಸ್ಟಿಕ್ ಹೋಗಿದೆ ಅನ್ನಬಹುದು.

ಬಿಲ್ ಎತ್ತಿಟ್ಟಿದ್ದೆ, ವಾರಂಟಿ ಇನ್ನೂ ಇತ್ತು. ಎರರ್ ಸ್ಕ್ರೀನಿನ ಫೋಟೊ, ಸ್ಟಿಕ್ ಮೇಲಿನ ಸೀರಿಯಲ್ ನಂಬರ್ ಎರಡನ್ನೂ ಸರ್ವಿಸ್ ಸೆಂಟರಿಗೆ ಒಯ್ದೆ, ಜಾಸ್ತಿ ವಾದ ಬೇಕಾಗಲಿಲ್ಲ. ಬದಲಿ ಸ್ಟಿಕ್ ಬರುವವರೆಗೆ ಒಂದೇ 8 ಜಿಬಿಯಲ್ಲಿ ಸಂಸಾರ. ಸ್ವಲ್ಪ ನಿಧಾನ, ಆದರೆ ಒಮ್ಮೆಯೂ ಬೀಳಲಿಲ್ಲ.

ಹೊಸದು ಬಂದ ಮೇಲೆ ಎರಡನ್ನೂ ಹಾಕಿ, ಎಕ್ಸ್‌ಎಂಪಿ ಆನ್ ಮಾಡಿ, ಮತ್ತೆ 4 ಪಾಸ್ ಓಡಿಸಿದೆ. ಹೊಸದು ಅಂದ ಮಾತ್ರಕ್ಕೆ ನಂಬೋಕಾಗಲ್ಲ. ಅದು ಪಾಸಾದ ಮೇಲೇ ಚೆಕ್‌ಡಿಸ್ಕ್, ಎಸ್‌ಎಫ್‌ಸಿ ಸ್ಕ್ಯಾನ್. ಎಸ್‌ಎಫ್‌ಸಿ ಒಂದಷ್ಟು ವಿಂಡೋಸ್ ಫೈಲ್ ಸರಿಮಾಡಿತು. ಆದರೆ ನಮ್ಮ ಸ್ವಂತ ಫೈಲ್‌ಗಳನ್ನು ಅದು ನೋಡಲ್ಲ. ಸಿಸ್ಟಮ್ ಬೀಳುತ್ತಿದ್ದ ಸಮಯದಲ್ಲಿ ಫೋನಿನಿಂದ ಕಾಪಿ ಮಾಡಿದ ಫೋಟೊಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಕೆಲವು ಅರ್ಧದಿಂದ ಕೆಳಗೆ ಬೂದು ಬಣ್ಣ. ಫೋನಿನಲ್ಲಿ ಇನ್ನೂ ಇದ್ದವು, ಮತ್ತೆ ಕಾಪಿ ಮಾಡಿಕೊಂಡೆ.